ಐಸ್‌ಲ್ಯಾಂಡಿನ ಸಂಜೆಯ ಓದು

ಉತ್ತರ ಅಟ್ಲಾಂಟಿಕ್ ಸಾಗರದ ಐಸ್‌ಲ್ಯಾಂಡ್ ದ್ವೀಪವು ಹಿಮನದಿಗಳಿಗೂ ಜ್ವಾಲಾಮುಖಿಗಳಿಗೂ ಹೆಸರಾದುದು. ಅಲ್ಲಿಯ ಜನಸಂಖ್ಯೆ ಸುಮಾರು 4 ಲಕ್ಷ ಮಾತ್ರ. ಶತಮಾನಗಳ ಕಾಲ ಡೆನ್ಮಾರ್ಕಿನ ಅರಸರ ಆಳ್ವಿಕೆಯಲ್ಲಿದ್ದು 1944ರಲ್ಲಿ ಗಣರಾಜ್ಯವಾದ ಈ ಚಿಕ್ಕ ನಾಡು ತನ್ನ ನುಡಿಯನ್ನು ಕಳೆದುಕೊಳ್ಳಲಿಲ್ಲ. ಅದು ಹೇಗೆ ಸಾಧ್ಯವಾಯಿತೆಂಬುದು ವಿಚಾರಾರ್ಹವಾದ ಸಂಗತಿ.

9ನೆಯ ಶತಮಾನದ ಕೊನೆಯಲ್ಲಿ ಮುಖ್ಯವಾಗಿ ನಾರ್ವೆಯಿಂದ ಬಂದು ನೆಲಸಿದವರ ಸಂತತಿ ಇವರದು. ಅಲ್ಲಿ ದವಸ ಬೆಳೆಯುವುದು ಕಷ್ಟ, ಉಪ್ಪು ದುರ್ಲಭ, ಚಳಿಗಾಲವೋ ದೀರ್ಘ. ಆದುದರಿಂದ ಮೀನನ್ನು ಗಾಳಿಯಲ್ಲಿ ಒಣಗಿಸಿದರು. ಕುರಿಮಾಂಸಕ್ಕೆ ಹೊಗೆ ಹಿಡಿಸಿದರು. ‘ಸ್ಕೀರ್’ ಎಂಬ ಗಟ್ಟಿ ಮೊಸರಿನಿಂದ ಬಸಿದ ಹುಳಿನೀರಿನಲ್ಲಿ ಮಾಂಸವನ್ನು ನೆನೆಯಿಟ್ಟು ಕೆಡದಂತೆ ಕಾಪಾಡಿದರು. ಜನವರಿಯ ಕೊನೆಯ ಭಾಗದಲ್ಲಿ ಆರಂಭವಾಗುವ ‘ಥೋರ್ರಿ’ ಮಾಸದಲ್ಲಿ ಈ ಹಳೆಯ ತಿನಿಸುಗಳನ್ನು ಒಟ್ಟಾಗಿ ಕುಳಿತು ಉಣ್ಣುವ ವಾಡಿಕೆ ಈಗಲೂ ಇದೆ.

ಆಹಾರದಂತೆಯೇ ಭಾಷೆಯನ್ನೂ ಅವರು ಮನೆಯೊಳಗೇ ಕಾಪಾಡಿದರು. ಚಳಿಗಾಲದ ಸಂಜೆ ಮನೆಯವರೆಲ್ಲ ಒಂದೇ ಕೋಣೆಯಲ್ಲಿ ಕುಳಿತು ಉಣ್ಣೆ ನೂಲುವಾಗ, ಹೆಣೆಯುವಾಗ, ಒಬ್ಬರು ‘ಸಾಗಾ’ ಎಂಬ ಪೂರ್ವಿಕರ ಕಥೆಗಳನ್ನು ಗಟ್ಟಿಯಾಗಿ ಓದುತ್ತಿದ್ದರು. ಇದಕ್ಕೆ ‘ಕ್ವೋಲ್ಡ್‌ವಾಕ’, ಅಂದರೆ ಸಂಜೆಯ ಜಾಗರಣೆ ಎಂದು ಹೆಸರು. ಮಕ್ಕಳು ಓದು ಕಲಿತದ್ದು ಹೆಚ್ಚಾಗಿ ತಂದೆತಾಯಿಯರಿಂದ. ಪಾದ್ರಿಗಳು ಮನೆಮನೆಗೆ ಬಂದು ಪರೀಕ್ಷಿಸುತ್ತಿದ್ದರು. 1783ರ ಲಾಕಿ ಜ್ವಾಲಾಮುಖಿ ಮತ್ತು ಅದರ ಹಿಂದೆ ಬಂದ ಕ್ಷಾಮಕ್ಕೆ ಐದರಲ್ಲೊಂದು ಪಾಲು ಜನ ಬಲಿಯಾದರು. ಆದರೂ ಈ ಪರಿಪಾಠ ಅಳಿಯಲಿಲ್ಲ. ಕಡ್ಡಾಯ ಶಿಕ್ಷಣದ ಕಾನೂನು ಬಂದದ್ದು 1907ರಲ್ಲಿ. ಅದಕ್ಕೆ ಬಹು ಮೊದಲೇ ಬಹುತೇಕ ಎಲ್ಲರಿಗೂ ಓದು ಬರುತ್ತಿತ್ತು.

ಹೊಸ ವಸ್ತುಗಳಿಗೂ ಅವರು ಸ್ವಂತ ಪದಗಳನ್ನು ಕಟ್ಟಿಕೊಂಡರು. ದೂರವಾಣಿಗೆ ‘ಸೀಮಿ’, ಇದು ದಾರವೆಂಬ ಅರ್ಥದ ಹಳೆಯ ಮಾತು. ಸಾಗಾಗಳ ಕಾಲದ ಚರ್ಮದ ಹಸ್ತಪ್ರತಿಗಳಲ್ಲಿ ಮೊದಲನೆಯವು 1971ರಲ್ಲಿ ಡೆನ್ಮಾರ್ಕಿನಿಂದ ಹಡಗಿನಲ್ಲಿ ಮರಳಿದಾಗ, ರೇಕ್ಯಾವಿಕ್ ಬಂದರಿನಲ್ಲಿ ಸಾವಿರಾರು ಜನರು ನೆರೆದಿದ್ದರು. ಇಂದು ಅಲ್ಲಿಯೂ ಮಕ್ಕಳ ಮೇಲೆ ಇಂಗ್ಲಿಷಿನ ಒತ್ತಡ ಹೆಚ್ಚಿದೆ, ಹಿರಿಯರು ಚಿಂತಿತರಾಗಿದ್ದಾರೆ.

ಶಾಲೆಯಲ್ಲಿ ಕನ್ನಡ ಕಲಿಸಿದರೆ ಸಾಕು, ಭಾಷೆ ಉಳಿಯುತ್ತದೆಂದು ಉಪಾಧ್ಯಾಯನಾಗಿದ್ದಾಗ ನಾನು ನಂಬಿದ್ದೆ. ಆ ನಂಬಿಕೆ ಅರ್ಧ ಸತ್ಯವೆಂದು ಈಗ ತೋರುತ್ತದೆ. ಗಡಿಯೀಚೆಯ ನಮ್ಮ ಶಾಲೆ ಐವತ್ತು ವರ್ಷ ತನ್ನ ಪಾಲಿನ ಕೆಲಸವನ್ನು ಮಾಡಿದೆ. ಉಳಿದರ್ಧವು ಸಂಜೆಯ ದೀಪದ ಬಳಿ, ಮಗುವಿನ ಪಕ್ಕದಲ್ಲಿ ಕುಳಿತು ಪುಸ್ತಕ ತೆರೆಯುವ ತಂದೆತಾಯಿಯರ ಕೈಯಲ್ಲಿದೆ.