ಸಂಘದ ಲೆಕ್ಕಪತ್ರ ಸರ್ವರಿನಿಂದ ಕ್ಲೌಡಿಗೆ: ಸದಸ್ಯರು ತಿಳಿದಿರಬೇಕಾದ ಸಂಗತಿಗಳು



ಷೇರು ಲೆಡ್ಜರು, ಸಾಲದ ಖಾತೆ, ಅಡಿಕೆ ಮತ್ತು ಕಾಫಿ ಖರೀದಿಯ ಪಟ್ಟಿ, ಗೊಬ್ಬರ, ಮೈಲುತುತ್ತದ ದಾಸ್ತಾನು ಇವೆಲ್ಲವೂ ಹಿಂದೆ ಕೆಂಪು ರಟ್ಟಿನ ದಪ್ಪ ಪುಸ್ತಕಗಳಲ್ಲಿದ್ದುವು. ಇಂದು ಬಹುತೇಕ ಸಂಘಗಳಲ್ಲಿ ಅವು ಕಚೇರಿಯ ಒಳಕೋಣೆಯಲ್ಲಿರುವ ಸರ್ವರ್ ಎಂಬ ಗಣಕಯಂತ್ರದೊಳಗಿವೆ. ಆ ಯಂತ್ರಕ್ಕೆ ಈಗ ವಯಸ್ಸಾಗಿದೆ. ಅದರ ಬದಲು ಹೊಸತನ್ನು ಕೊಳ್ಳಬೇಕೆ, ಅಥವಾ ಲೆಕ್ಕವನ್ನೆಲ್ಲ ‘ಪಬ್ಲಿಕ್ ಕ್ಲೌಡ್’ಗೆ ಸಾಗಿಸಬೇಕೆ ಎಂಬ ಪ್ರಶ್ನೆ ಹಲವು ಸಂಘಗಳ ಮಹಾಸಭೆಯ ಮುಂದೆ ಬರುತ್ತಿದೆ. ಕೈ ಎತ್ತಬೇಕಾದವರು ಸದಸ್ಯರು. ವಿಷಯ ತಿಳಿದೇ ಕೈ ಎತ್ತುವಂತಾಗಲಿ ಎಂಬುದು ಈ ಲೇಖನದ ಉದ್ದೇಶ.

ಹಳೆಯ ಸರ್ವರಿಗೆ ಏನು ಕೇಡು?

ಸರ್ವರ್ ಹಗಲಿರುಳೂ ಓಡುವ ಯಂತ್ರ. ನಮ್ಮ ಮಲೆನಾಡಿನ ಮಳೆಗಾಲದ ತೇವ, ಸಿಡಿಲು, ಗಳಿಗೆಗೊಮ್ಮೆ ಹೋಗಿ ಬರುವ ವಿದ್ಯುತ್ತು ಇವು ಮೂರೂ ಅದಕ್ಕೆ ವೈರಿಗಳು. ಐದಾರು ವರ್ಷಗಳಾದ ಮೇಲೆ ಡಿಸ್ಕು, ಫ್ಯಾನು, ಯು.ಪಿ.ಎಸ್. ಬ್ಯಾಟರಿ ಒಂದೊಂದಾಗಿ ಕೈಕೊಡತೊಡಗುತ್ತವೆ. ಬಿಡಿಭಾಗ ದೊರೆಯುವುದೂ ಕಷ್ಟವಾಗುತ್ತದೆ.

ಕಣ್ಣಿಗೆ ಕಾಣದ ಇನ್ನೊಂದು ಕೇಡಿದೆ. ಯಂತ್ರವನ್ನು ನಡೆಸುವ ಮೂಲ ತಂತ್ರಾಂಶಕ್ಕೆ ತಯಾರಕರು ಕಾಲಕಾಲಕ್ಕೆ ತೇಪೆ ಹಾಕಿ ಭದ್ರಪಡಿಸುತ್ತಿರುತ್ತಾರೆ. ಒಂದು ದಿನ ಅದನ್ನು ನಿಲ್ಲಿಸುತ್ತಾರೆ. ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ ಸರ್ವರ್ 2012 ಆವೃತ್ತಿಗೆ ಈ ಸಾಮಾನ್ಯ ಸೇವೆಯನ್ನು 2023ರ ಅಕ್ಟೋಬರ್ 10ರಂದು ಕೊನೆಗೊಳಿಸಿತು. ಅದರ ನಂತರವೂ ಅಂಥ ಯಂತ್ರವನ್ನು ಇಂಟರ್ನೆಟ್ಟಿಗೆ ಜೋಡಿಸಿಡುವುದು, ಬೋರ್ಡೋ ದ್ರಾವಣ ಹೊಡೆಯದೆ ಮಳೆಗಾಲಕ್ಕೆ ತೋಟ ಬಿಟ್ಟಂತೆ. ಕೊಳೆರೋಗ ಬರಲೇಬೇಕೆಂದಿಲ್ಲ; ಬಂದರೆ ತಡೆಯುವುದಕ್ಕೆ ಏನೂ ಇರುವುದಿಲ್ಲ.

ಕ್ಲೌಡ್ ಎಂದರೇನು?

ಕ್ಲೌಡ್ ಎಂದರೆ ಮೋಡ. ಆದರೆ ಲೆಕ್ಕವೇನೂ ಆಕಾಶದಲ್ಲಿರುವುದಿಲ್ಲ. ಕಾಫಿ ಬೆಳೆಗಾರರು ಪ್ರತಿಯೊಬ್ಬರೂ ಮನೆಯಲ್ಲಿ ಕ್ಯೂರಿಂಗ್ ಯಂತ್ರ ಇಟ್ಟುಕೊಳ್ಳುವುದಿಲ್ಲವಷ್ಟೆ. ಕ್ಯೂರಿಂಗ್ ವರ್ಕ್ಸಿಗೆ ಕಳುಹಿಸಿ, ರಶೀದಿ ಪಡೆದು, ಮೂಟೆಯ ಲೆಕ್ಕದಲ್ಲಿ ಕೂಲಿ ಕೊಡುತ್ತೇವೆ. ಕಟ್ಟಡ, ಯಂತ್ರ, ಕಾವಲುಗಾರ ಎಲ್ಲವೂ ಅವರದು. ಕ್ಲೌಡ್ ಕೂಡ ಹೀಗೆಯೇ. ದೊಡ್ಡ ಸಂಸ್ಥೆಯೊಂದು ಸಾವಿರಾರು ಸರ್ವರುಗಳನ್ನು ಒಂದೆಡೆ ಇಟ್ಟು, ಬೇಕಾದವರಿಗೆ ಬೇಕಾದಷ್ಟನ್ನು ಬಾಡಿಗೆಗೆ ಕೊಡುತ್ತದೆ. ನಮ್ಮ ಕಚೇರಿಯಿಂದ ಇಂಟರ್ನೆಟ್ ತಂತಿಯ ಮೂಲಕ ಅದನ್ನು ಬಳಸುತ್ತೇವೆ.

ಆದರೆ ಒಂದು ವ್ಯತ್ಯಾಸವುಂಟು. 1996ರಲ್ಲಿ ಕೊನೆಗೊಂಡ ಕಾಫಿ ಪೂಲ್ ಪದ್ಧತಿಯಲ್ಲಿ ಎಲ್ಲರ ಕಾಫಿಯೂ ಬೆರೆತುಹೋಗುತ್ತಿತ್ತು. ಕ್ಲೌಡಿನಲ್ಲಿ ಹಾಗಲ್ಲ; ಯಂತ್ರ ಹಲವರಿಗೆ ಸೇರಿದ್ದರೂ ಪ್ರತಿಯೊಬ್ಬರ ಲೆಕ್ಕ ಬೇರೆ ಬೀಗದ ಕೋಣೆಯಲ್ಲಿರುತ್ತದೆ.

ಅಮೆಜಾನ್ ಸಂಸ್ಥೆಯು ಈ ಬಾಡಿಗೆ ವ್ಯವಹಾರವನ್ನು ಇಂದಿನ ರೂಪದಲ್ಲಿ 2006ರಲ್ಲಿ ಆರಂಭಿಸಿತು. ಮೈಕ್ರೋಸಾಫ್ಟ್ 2015ರಲ್ಲಿ ಪುಣೆ, ಮುಂಬಯಿ, ಚೆನ್ನೈಗಳಲ್ಲಿಯೂ, ಅಮೆಜಾನ್ 2016ರಲ್ಲಿ ಮುಂಬಯಿಯಲ್ಲಿಯೂ, ಗೂಗಲ್ 2017ರಲ್ಲಿ ಅದೇ ನಗರದಲ್ಲಿಯೂ ಇಂಥ ಕೇಂದ್ರಗಳನ್ನು ತೆರೆದುವು. ಆದುದರಿಂದ ನಮ್ಮ ಲೆಕ್ಕ ಭಾರತದ ಗಡಿಯೊಳಗೇ ಇರಬೇಕೆಂದು ಕರಾರಿನಲ್ಲಿ ಬರೆಸಿಕೊಳ್ಳಲು ಅಡ್ಡಿಯಿಲ್ಲ.

ಸಹಕಾರಿ ರಂಗಕ್ಕೆ ಇದು ಹೊಸ ಮಾತೂ ಅಲ್ಲ. 2022ರ ಜೂನ್ 29ರಂದು ಕೇಂದ್ರ ಸಚಿವ ಸಂಪುಟವು 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಯ ಯೋಜನೆಯನ್ನು ಒಪ್ಪಿತು. ಆ ಯೋಜನೆಯ ಸಮಾನ ತಂತ್ರಾಂಶವೂ ಕ್ಲೌಡ್ ಆಧಾರಿತವೇ.

ಸಾಗಿಸುವ ಬಗೆಗಳು

ಅಡಿಕೆ ಸಸಿಯನ್ನು ಮಡಿಯಿಂದ ತೋಟಕ್ಕೆ ಒಯ್ಯುವಾಗ ಬುಡದ ಮಣ್ಣು ಸಡಿಲವಾಗದಂತೆ ಹೆಂಟೆ ಸಮೇತ ಎತ್ತುತ್ತೇವೆ. ಇರುವ ತಂತ್ರಾಂಶವನ್ನು ಹಾಗೆಯೇ, ಏನನ್ನೂ ಬದಲಿಸದೆ, ಬಾಡಿಗೆ ಸರ್ವರಿಗೆ ಎತ್ತಿ ಇಡುವುದು ಮೊದಲನೆಯ ಬಗೆ. ಕೆಲಸ ಬೇಗ ಮುಗಿಯುತ್ತದೆ. ಆದರೆ ಹಳೆಯ ತಂತ್ರಾಂಶದ ದೋಷಗಳೂ ಜೊತೆಗೇ ಬರುತ್ತವೆ. ತಂತ್ರಾಂಶವನ್ನು ಅಲ್ಲಲ್ಲಿ ತಿದ್ದಿ ಹೊಸ ನೆಲಕ್ಕೆ ಹೊಂದಿಸುವುದು ಎರಡನೆಯದು. ಹಳೆಯದನ್ನು ಕೈಬಿಟ್ಟು, ಕ್ಲೌಡಿನಲ್ಲಿಯೇ ಸಿದ್ಧವಾಗಿರುವ ಬೇರೆ ತಂತ್ರಾಂಶಕ್ಕೆ ಚಂದಾದಾರರಾಗಿ, ಲೆಕ್ಕವನ್ನು ಮಾತ್ರ ವರ್ಗಾಯಿಸುವುದು ಮೂರನೆಯದು. ಸಣ್ಣ ಸಂಘಗಳಿಗೆ ಹೆಚ್ಚಾಗಿ ಈ ಮೂರನೆಯದೇ ಸೂಕ್ತ.

ಯಾವುದೇ ಬಗೆಯಾಗಲಿ, ಕೊಯ್ಲಿನ ಕಾಲದಲ್ಲಿ ಕೈಹಾಕಬಾರದು. ಅಡಿಕೆ, ಕಾಫಿ ಎರಡರ ಆವಕವೂ ಇಳಿದ ಮೇಲೆ ಆರಂಭಿಸಿ, ಎರಡು ಮೂರು ತಿಂಗಳು ಹಳೆಯದನ್ನೂ ಹೊಸತನ್ನೂ ಒಟ್ಟಿಗೆ ನಡೆಸಿ, ಪ್ರತಿ ತಿಂಗಳ ಕೊನೆಗೆ ಎರಡರ ಅಂಕಿಗಳನ್ನು ತಾಳೆ ನೋಡಬೇಕು. ಪೈಸೆಗೆ ಪೈಸೆ ತಾಳೆಯಾಗುವ ತನಕ ಹಳೆಯ ಯಂತ್ರವನ್ನು ಮೂಲೆಗೆ ಸರಿಸಬಾರದು.

ಖರ್ಚಿನ ಮಾತು

ಸರ್ವರ್ ಕೊಳ್ಳುವುದು ಒಮ್ಮೆಗೆ ದೊಡ್ಡ ಹಣ. ಕ್ಲೌಡ್ ತಿಂಗಳು ತಿಂಗಳ ಬಾಡಿಗೆ. ಖರೀದಿಯ ಭರಾಟೆಯ ತಿಂಗಳುಗಳಲ್ಲಿ ಹೆಚ್ಚು ಸಾಮರ್ಥ್ಯ ಪಡೆದು, ಮಳೆಗಾಲದಲ್ಲಿ ತಗ್ಗಿಸಿಕೊಳ್ಳಬಹುದು ಎಂಬುದು ಲಾಭ. ಆದರೆ ಬಾಡಿಗೆ ಪಂಪನ್ನು ನಿಲ್ಲಿಸಲು ಮರೆತರೆ ನೀರು ಬೇಡವಾದರೂ ಬಾಡಿಗೆ ಏರುತ್ತಲೇ ಇರುತ್ತದೆ. ಇಲ್ಲಿಯೂ ಹಾಗೆಯೇ. ಮಿತಿ ಮೀರಿದ ಕೂಡಲೆ ಎಚ್ಚರಿಕೆ ಬರುವಂತೆ ಮೊದಲ ದಿನವೇ ಏರ್ಪಡಿಸಬೇಕು. ಒಳಗಿಟ್ಟ ಮಾಹಿತಿಯನ್ನು ಹೊರತರುವುದಕ್ಕೂ ಶುಲ್ಕವುಂಟು. ಪೂರ್ತಿಯಾಗಿ ಬಿಟ್ಟುಹೋಗುವವರಿಗೆ ಈ ಶುಲ್ಕವನ್ನು ಬಿಡುವುದಾಗಿ ಮೇಲೆ ಹೇಳಿದ ಮೂರೂ ಸಂಸ್ಥೆಗಳು 2024ರ ಆರಂಭದಲ್ಲಿ ಪ್ರಕಟಿಸಿದುವು. ದಿನಬಳಕೆಯ ಶುಲ್ಕ ಹೋಗಿಲ್ಲ.

ಹೊಣೆ ಮಾತ್ರ ಸಾಗುವುದಿಲ್ಲ

ಎಲ್ಲಕ್ಕಿಂತ ಮುಖ್ಯವಾದ ಮಾತು ಇದು. ಯಂತ್ರದ ಆರೈಕೆಯನ್ನು ಬಾಡಿಗೆಗೆ ಕೊಡಬಹುದು. ಲೆಕ್ಕದ ಹೊಣೆಯನ್ನು ಕೊಡಲಾಗದು. ಕಟ್ಟಡ, ವಿದ್ಯುತ್ತು, ಯಂತ್ರಗಳನ್ನು ಅವರು ನೋಡಿಕೊಳ್ಳುತ್ತಾರೆ. ಯಾರಿಗೆ ಕೀಲಿ ಕೊಟ್ಟಿದ್ದೇವೆ, ಪಾಸ್‌ವರ್ಡ್ ಎಷ್ಟು ಜನರ ಬಾಯಲ್ಲಿದೆ, ಪ್ರತಿ ಎಲ್ಲಿದೆ ಎಂಬುದು ನಮ್ಮ ಪಾಲಿನ ಕೆಲಸ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವೂ ಜನರ ಮಾಹಿತಿಯನ್ನು ಸಂಗ್ರಹಿಸಿದ ಸಂಸ್ಥೆಯ ಮೇಲೆಯೇ ಹೊಣೆಯನ್ನು ಹೊರಿಸುತ್ತದೆ.

ಮೂರು ಘಟನೆಗಳನ್ನು ನೋಡಿ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದಲ್ಲಿ ಇಂಥ ಒಂದು ಕೇಂದ್ರದ ಕಟ್ಟಡ ಸುಟ್ಟುಹೋಯಿತು. ಬೇರೆಡೆ ಪ್ರತಿ ಇಟ್ಟುಕೊಳ್ಳದಿದ್ದ ಗಿರಾಕಿಗಳು ಮಾಹಿತಿಯನ್ನು ಕಳೆದುಕೊಂಡರು. 2024ರ ಮೇ ತಿಂಗಳಲ್ಲಿ ಆಸ್ಟ್ರೇಲಿಯದ ಯೂನಿಸೂಪರ್ ಎಂಬ ನಿವೃತ್ತಿ ನಿಧಿಯ ಖಾಸಗಿ ಕ್ಲೌಡ್ ಚಂದಾದಾರಿಕೆ ಗೂಗಲ್ ಕ್ಲೌಡಿನಲ್ಲಿ ಅಚಾತುರ್ಯದಿಂದ ಅಳಿಸಿಹೋಯಿತು. ಐದು ಲಕ್ಷಕ್ಕೂ ಮಿಕ್ಕ ಸದಸ್ಯರು ಸುಮಾರು ಒಂದು ವಾರ ತಮ್ಮ ಖಾತೆ ನೋಡಲಾರದೆ ಹೋದರು. ಆದರೆ ಆ ನಿಧಿ ಇನ್ನೊಂದು ಸಂಸ್ಥೆಯ ಬಳಿಯೂ ಪ್ರತಿ ಇಟ್ಟಿದ್ದುದು ಚೇತರಿಕೆಗೆ ಒದಗಿತು. ಅದೇ ವರ್ಷದ ಜುಲೈ ಕೊನೆಯಲ್ಲಿ ನಮ್ಮ ದೇಶದಲ್ಲಿಯೇ ಸಹಕಾರಿ ಹಾಗೂ ಗ್ರಾಮೀಣ ಬ್ಯಾಂಕುಗಳಿಗೆ ಗಣಕಸೇವೆ ಒದಗಿಸುವ ಒಂದು ಸಂಸ್ಥೆಯ ಮೇಲೆ, ಮಾಹಿತಿಗೆ ಬೀಗ ಜಡಿದು ಹಣ ಕೇಳುವ ರ‍್ಯಾನ್ಸಮ್‌ವೇರ್ ದಾಳಿ ನಡೆದು, ಸುಮಾರು 300 ಸಣ್ಣ ಬ್ಯಾಂಕುಗಳ ಪಾವತಿ ವ್ಯವಹಾರಕ್ಕೆ ಅಡ್ಡಿಯಾಯಿತು.

ಮೂರರ ಪಾಠವೂ ಒಂದೇ. ಒಂದೇ ಮನೆಯಲ್ಲಿ ಎಲ್ಲ ಬೀಜವನ್ನೂ ಇಡಬಾರದು. ಮುಖ್ಯ ಲೆಕ್ಕ ಒಂದು ಕಡೆ, ಪ್ರತಿ ಬೇರೊಬ್ಬರ ಬಳಿ, ಇನ್ನೊಂದು ಪ್ರತಿ ಇಂಟರ್ನೆಟ್ಟಿಗೆ ಜೋಡಿಸದ ಡಿಸ್ಕಿನಲ್ಲಿ ತಿಜೋರಿಯೊಳಗೆ ಇರಬೇಕು. ಪ್ರತಿ ಇದ್ದರೆ ಸಾಲದು. ಅದರಿಂದ ಲೆಕ್ಕವನ್ನು ಮರಳಿ ತೆರೆಯಲಾಗುತ್ತದೆಯೇ ಎಂದು ವರ್ಷಕ್ಕೊಮ್ಮೆಯಾದರೂ ಪರೀಕ್ಷಿಸಬೇಕು.

ತಂತಿ ಕಡಿದರೆ?

ಮರ ಬಿದ್ದು ಇಂಟರ್ನೆಟ್ ತಂತಿ ಕಡಿದರೆ, ಕ್ಲೌಡಿನ ಲೆಕ್ಕ ಸುರಕ್ಷಿತವಾಗಿದ್ದರೂ ನಮ್ಮ ಕೈಗೆ ಸಿಕ್ಕದು. ಆದುದರಿಂದ ಎರಡು ಬೇರೆ ಬೇರೆ ಸಂಸ್ಥೆಗಳ ಸಂಪರ್ಕ ಇರಲಿ. ಒಂದು ತಂತಿಯದಾದರೆ ಇನ್ನೊಂದು ಮೊಬೈಲಿನದು. ಎರಡೂ ಇಲ್ಲದ ದಿನ ಖರೀದಿ ಕಟ್ಟೆಯಲ್ಲಿ ಕೈಬರಹದ ತೂಕದ ಚೀಟಿ ಕೊಟ್ಟು, ಅನಂತರ ಲೆಕ್ಕಕ್ಕೇರಿಸುವ ಕ್ರಮವೂ ಇರಬೇಕು. ಅಡಿಕೆ ತಂದ ರೈತ ಬರಿಗೈಯಲ್ಲಿ ಮರಳಬಾರದು.

ಮಹಾಸಭೆಯಲ್ಲಿ ಕೇಳಬೇಕಾದ ಪ್ರಶ್ನೆಗಳು

1. ಕರಾರು ಸಂಘದ ಹೆಸರಿನಲ್ಲಿದೆಯೇ, ತಂತ್ರಾಂಶ ಒದಗಿಸುವವರ ಹೆಸರಿನಲ್ಲಿದೆಯೇ? ಮುಖ್ಯ ಕೀಲಿ ಯಾರ ಬಳಿ ಇದೆ?
2. ಮಾಹಿತಿ ಯಾವ ಊರಿನ ಕೇಂದ್ರದಲ್ಲಿರುತ್ತದೆ? ಪ್ರತಿ ಎಲ್ಲಿರುತ್ತದೆ?
3. ಕರಾರು ಮುಗಿದಾಗ ಲೆಕ್ಕವನ್ನು ಬೇರೆಯವರೂ ಓದಬಲ್ಲ ರೂಪದಲ್ಲಿ ಮರಳಿಸುತ್ತಾರೆಯೇ?
4. ಐದು ವರ್ಷದ ಒಟ್ಟು ಖರ್ಚು ಎರಡೂ ದಾರಿಯಲ್ಲಿ ಎಷ್ಟಾಗುತ್ತದೆ?
5. ಸಿಬ್ಬಂದಿ ಪ್ರತಿಯೊಬ್ಬರಿಗೂ ಬೇರೆ ಪಾಸ್‌ವರ್ಡ್ ಮತ್ತು ಮೊಬೈಲಿಗೆ ಬರುವ ಗುಪ್ತ ಸಂಖ್ಯೆಯ ಎರಡನೆಯ ಬೀಗ ಇದೆಯೇ?

ಈ ಐದಕ್ಕೂ ಕಾಗದದ ಮೇಲೆ ಉತ್ತರ ದೊರೆತರೆ ಹೋಗಬಹುದು. ಬಾಯಿಮಾತಿನ ಉತ್ತರವಾದರೆ ಕಾಯುವುದೇ ಲೇಸು.

ಸದಸ್ಯರ ಪಾಲಿನ ಕೆಲಸ

ಲೆಕ್ಕ ಸಾಗಿಸುವ ಮುನ್ನ ನಿಮ್ಮ ಪಾಸ್‌ಪುಸ್ತಕವನ್ನು ಪೂರ್ತಿ ಮಾಡಿಸಿಕೊಳ್ಳಿ. ಷೇರು, ಠೇವಣಿ, ಸಾಲಗಳ ಬಾಕಿ ತೋರಿಸುವ, ಕಾರ್ಯದರ್ಶಿಯವರ ಸಹಿಯುಳ್ಳ ಪಟ್ಟಿಯನ್ನು ಪಡೆದು ಮನೆಯಲ್ಲಿಡಿ. ಹೊಸ ವ್ಯವಸ್ಥೆ ಬಂದ ಮೇಲೆ ಮೊದಲ ಪಟ್ಟಿಯನ್ನು ಅದರೊಡನೆ ಹೋಲಿಸಿ, ವ್ಯತ್ಯಾಸ ಕಂಡರೆ ಕೂಡಲೆ ಲಿಖಿತವಾಗಿ ತಿಳಿಸಿ. ನಮ್ಮ ಹೆಸರಿನ ಬಾಕಿ ನಮಗೆ ತಿಳಿದಷ್ಟು ಬೇರಾರಿಗೂ ತಿಳಿದಿರುವುದಿಲ್ಲ. ಸಾವಿರ ಸದಸ್ಯರು ತಂತಮ್ಮ ಒಂದೊಂದು ಸಾಲನ್ನು ನೋಡಿಕೊಂಡರೆ, ಅದಕ್ಕಿಂತ ಒಳ್ಳೆಯ ತಪಾಸಣೆ ಯಾವ ಯಂತ್ರದಿಂದಲೂ ಆಗದು.