ನೊವಿಷಿಯೇಟ್: ಹಿಂದಿರುಗಲೂ ಬಾಗಿಲು ತೆರೆದಿರುವ ಮನೆ

ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್‌ಗೆ ಹೋದವರು ಮೊದಲು ಕತ್ತೆತ್ತಿ ಚಾವಣಿ ನೋಡುತ್ತಾರೆ. ಇಪ್ಪತ್ತನೆಯ ಶತಮಾನದ ಹೊಸ್ತಿಲಲ್ಲಿ ಆ ಚಿತ್ರಗಳನ್ನು ಬರೆದವರು ಇಟಲಿಯ ಅಂತೋನಿಯೊ ಮೊಸ್ಕೇನಿ. ಅವರು ಪಾದ್ರಿಯಲ್ಲ, ಯೇಸುಸಭೆಯ (ಜೆಸ್ವಿಟ್) ಬ್ರದರ್. ಚಾವಣಿಯಲ್ಲಿ ಅವರು ಮೂಡಿಸಿದ್ದು ಕಾಲೇಜಿಗೆ ಹೆಸರು ಕೊಟ್ಟ ಅಲೋಶಿಯಸ್ ಗೊನ್ಜಾಗನ ಬದುಕನ್ನು. ಈ ಸಂತನಿಗೂ ಗುರುದೀಕ್ಷೆ ಆಗಿರಲೇ ಇಲ್ಲ. 1585ರಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ, ರೋಮಿನ ನೊವಿಷಿಯೇಟ್ ಸೇರಿದ ಆತ ಸೋಂಕು ರೋಗಿಗಳ ಸೇವೆ ಮಾಡುತ್ತ ತಾನೂ ಕಾಯಿಲೆ ಬಿದ್ದು 1591ರಲ್ಲಿ ತೀರಿಕೊಂಡ. ಆಗ ವಯಸ್ಸು 23. ಇನ್ನೂ ತರಬೇತಿಯಲ್ಲೇ ಇದ್ದವನನ್ನು ಚರ್ಚ್ ಸಂತನೆಂದು ಸಾರಿತು.

ಆ ತರಬೇತಿಯ ಮೊದಲ ಮೆಟ್ಟಿಲೇ ನೊವಿಷಿಯೇಟ್. ಹೊರಗಿನವರಿಗೆ ಸೆಮಿನರಿಯೂ ನೊವಿಷಿಯೇಟೂ ಒಂದೇ ಎಂಬ ಭಾವನೆಯಿದೆ. 1879ರಲ್ಲಿ ಶುರುವಾದ ಮಂಗಳೂರಿನ ಜೆಪ್ಪು ಸೆಮಿನರಿಯಂಥ ಕಡೆ ಪಾದ್ರಿಗಳಾಗುವವರು ತತ್ವಶಾಸ್ತ್ರ, ದೇವಶಾಸ್ತ್ರ ಓದುತ್ತಾರೆ. ನೊವಿಷಿಯೇಟಿನಲ್ಲಿ ಡಿಗ್ರಿಯೂ ಇಲ್ಲ, ಮಾರ್ಕ್ಸ್ ಕಾರ್ಡೂ ಇಲ್ಲ. ಸನ್ಯಾಸದ ಬದುಕು ತನಗೆ ಒಗ್ಗುತ್ತದೆಯೇ ಎಂದು ಹುಡುಗ ನೋಡಿಕೊಳ್ಳುತ್ತಾನೆ. ಈ ಹುಡುಗ ತನಗೆ ಒಗ್ಗುತ್ತಾನೆಯೇ ಎಂದು ಸನ್ಯಾಸಿಗಳ ಸಭೆಯೂ ನೋಡುತ್ತದೆ. ಚರ್ಚ್ ಕಾನೂನಿನ ಪ್ರಕಾರ 17 ತುಂಬದವರಿಗೆ ಪ್ರವೇಶವಿಲ್ಲ. ಅವಧಿ ಕನಿಷ್ಠ 12 ತಿಂಗಳು. ಯೇಸುಸಭೆಯಲ್ಲಿ ಅದು ಎರಡು ವರ್ಷ. ಒಂದು ವರ್ಷವೇ ರೂಢಿಯಾಗಿದ್ದ ಕಾಲದಲ್ಲಿ ಸಂಸ್ಥಾಪಕ ಇಗ್ನೇಷಿಯಸ್ ಲೊಯೋಲಾ ಅದನ್ನು ಇಮ್ಮಡಿ ಮಾಡಿದರು. ಕರ್ನಾಟಕ ಪ್ರಾಂತ್ಯದ ಯೇಸುಸಭೆಯ ನೊವಿಷಿಯೇಟ್ ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಮೌಂಟ್ ಸೇಂಟ್ ಜೋಸೆಫ್‌ನಲ್ಲಿದೆ.

ಗಂಟೆ ಬಾರಿಸಿದಾಗ

ಇಂಥ ಮನೆಗಳಲ್ಲಿ ಬೆಳಗಾಗುವುದು ಐದರ ಆಸುಪಾಸಿನಲ್ಲಿ. ಎದ್ದ ಮೇಲೆ ಮಾತಿಲ್ಲ. ಮುಖ ತೊಳೆದು ಚಾಪೆಲ್‌ಗೆ ಹೋಗಿ ಕುಳಿತರೆ ಸುಮಾರು ಒಂದು ಗಂಟೆ ಧ್ಯಾನ. ಯಾವ ವಿಷಯವನ್ನು ಧ್ಯಾನಿಸಬೇಕು ಎಂಬುದು ಹಿಂದಿನ ರಾತ್ರಿಯೇ ನಿಶ್ಚಯವಾಗಿರುತ್ತದೆ. ಸುವಾರ್ತೆಯ ಒಂದು ಘಟನೆ ಓದಿ, ಎರಡು ಮೂರು ಅಂಶ ಗುರುತು ಹಾಕಿಕೊಂಡೇ ಮಲಗುವುದು. ಧ್ಯಾನ ಮುಗಿದ ಮೇಲೆ ಕಾಲು ಗಂಟೆ ಅದರದ್ದೇ ಅವಲೋಕನ: ಮನಸ್ಸು ಎಲ್ಲಿ ನಿಂತಿತು, ಎಲ್ಲಿ ಅಲೆಯಿತು ಎಂದು ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು. ಬಳಿಕ ಬಲಿಪೂಜೆ, ತಿಂಡಿ.

ತಿಂಡಿಯಾದ ಮೇಲೆ ಪೊರಕೆ ಹಿಡಿಯುವ ಹೊತ್ತು. ಗುಡಿಸುವುದು, ಕಕ್ಕಸು ತೊಳೆಯುವುದು, ತರಕಾರಿ ಹೆಚ್ಚುವುದು, ತೋಟಕ್ಕೆ ನೀರು ಬಿಡುವುದು, ಎಲ್ಲವೂ ಸರದಿಯ ಕೆಲಸ. ಮನೆಯಲ್ಲಿ ಅಮ್ಮ ಬಡಿಸಿದ್ದನ್ನು ಉಂಡು ತಟ್ಟೆ ಬಿಟ್ಟು ಎದ್ದವನಿಗೆ ಇಲ್ಲಿ ಮೂವತ್ತು ಜನರ ಪಾತ್ರೆ ಉಜ್ಜುವ ಪಾಳಿ ಬರಬಹುದು. ಆಮೇಲೆ ತರಗತಿ: ಸಭೆಯ ನಿಯಮ, ಇತಿಹಾಸ, ಬೈಬಲ್, ಭಾಷೆ. ಮಧ್ಯಾಹ್ನದ ಊಟಕ್ಕೆ ಮುಂಚೆ ಆತ್ಮಪರೀಕ್ಷೆಗೆ ಕಾಲು ಗಂಟೆ, ರಾತ್ರಿ ಮಲಗುವ ಮುಂಚೆ ಇನ್ನೊಂದು ಬಾರಿ. ಸಂಜೆ ವಾಲಿಬಾಲ್, ಫುಟ್‌ಬಾಲ್ ಗದ್ದಲವೂ ಉಂಟು. ಪ್ರಾರ್ಥನೆಯಲ್ಲಿ ಕಾಣದ ಸ್ವಭಾವ ಆಟದಲ್ಲಿ ಸೋತಾಗ ಹೊರಬರುತ್ತದೆ. ರಾತ್ರಿ ಊಟ, ಹರಟೆ, ಮತ್ತೆ ಮೌನ.

ದಿನಕ್ಕೆ ಹಲವು ಸಲ ಎಲ್ಲರೂ ಒಟ್ಟಾಗಿ ಕೀರ್ತನೆ ಹಾಡುವ ಪದ್ಧತಿ ಬೆನೆಡಿಕ್ಟನ್, ಕಾರ್ಮೆಲ್ ಮಠಗಳಲ್ಲಿದೆ. ಯೇಸುಸಭೆಯಲ್ಲಿ ಅದು ಇಲ್ಲ. ಕರೆ ಬಂದಲ್ಲಿಗೆ ಹೊರಡಬೇಕಾದವರನ್ನು ಮಠದ ಗಂಟೆಗೆ ಕಟ್ಟಿಹಾಕಬಾರದು ಎಂಬುದು ಇಗ್ನೇಷಿಯಸ್ ನಿಲುವು. ಅದಕ್ಕೇ ಒಬ್ಬೊಬ್ಬನೂ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಅಭ್ಯಾಸಕ್ಕೆ ಅಲ್ಲಿ ಅಷ್ಟು ತೂಕ.

ಗೋಡೆಯಾಚೆಯ ಪಾಠ

ಇಗ್ನೇಷಿಯಸ್ ಹಾಕಿಕೊಟ್ಟ ಆರು ಪ್ರಯೋಗಗಳು ಈ ತರಬೇತಿಯ ಬೆನ್ನೆಲುಬು. ಮೊದಲನೆಯದು ತಿಂಗಳ ಕಾಲ ಆಧ್ಯಾತ್ಮಿಕ ಸಾಧನೆ. ಅಷ್ಟೂ ದಿನ ಬಹುತೇಕ ಮೌನ, ದಿನಕ್ಕೆ ಐದು ಹೊತ್ತು ಪ್ರಾರ್ಥನೆ. ಎರಡನೆಯದು ಆಸ್ಪತ್ರೆಯಲ್ಲಿ ರೋಗಿಗಳ ಸೇವೆ. ಮೂರನೆಯದು ಕೈಯಲ್ಲಿ ಕಾಸಿಲ್ಲದೆ, ಅಗತ್ಯ ಬಿದ್ದರೆ ಬೇಡಿಕೊಂಡೇ ಮಾಡುವ ಯಾತ್ರೆ. ಉಳಿದವು ಮನೆಯ ಕೀಳು ಎನಿಸಿದ ಕೆಲಸ, ಮಕ್ಕಳಿಗೂ ಅಕ್ಷರವಿಲ್ಲದವರಿಗೂ ಧರ್ಮಬೋಧೆ, ಉಪದೇಶ. ಕಾಲಕ್ಕೆ ತಕ್ಕಂತೆ ಇವುಗಳ ರೂಪ ಬದಲಾಗಿದೆ, ಉದ್ದೇಶ ಬದಲಾಗಿಲ್ಲ. ಬಡತನದ ವ್ರತ ತೊಡುವವನಿಗೆ ಹಸಿವಿನ ಪರಿಚಯವಿರಬೇಕು. ವಿಧೇಯತೆಯ ಮಾತಾಡುವವನು ಅಪರಿಚಿತ ರೋಗಿಯ ಬೆಡ್‌ಪ್ಯಾನ್ ಎತ್ತಿರಬೇಕು.

ಕಾನೂನಿನ ಕಾವಲು

ಹೊರಗಿನಿಂದ ನೋಡಿದರೆ ಹುಡುಗರನ್ನು ಬಗ್ಗಿಸುವ ವ್ಯವಸ್ಥೆಯಂತೆ ಇದು ಕಾಣಬಹುದು. 1983ರ ಚರ್ಚ್ ಕಾನೂನು ಸಂಹಿತೆ ಓದಿದರೆ ಕಾಳಜಿ ಇನ್ನೊಂದು ಕಡೆಯೂ ಇರುವುದು ತಿಳಿಯುತ್ತದೆ. ನೊವಿಸ್, ಅಂದರೆ ನೊವಿಷಿಯೇಟಿನಲ್ಲಿರುವವನು, ಯಾವಾಗ ಬೇಕಾದರೂ ಹೊರಟುಹೋಗಬಹುದು. ಸಭೆಯೂ ಅವನನ್ನು ಕಳುಹಿಸಬಹುದು. ಬಲವಂತ, ತೀವ್ರ ಭಯ ಅಥವಾ ಮೋಸದಿಂದ ತೆಗೆದುಕೊಂಡ ವ್ರತಕ್ಕೆ ಮಾನ್ಯತೆಯಿಲ್ಲ. ನೊವಿಸ್‌ಗಳ ಗುರು ಅದೇ ಮನೆಯ ನೊವಿಸ್‌ಗಳ ಪಾಪನಿವೇದನೆ ಕೇಳುವಂತಿಲ್ಲ, ಅವರಾಗಿಯೇ ಕೇಳಿಕೊಂಡ ವಿಶೇಷ ಸಂದರ್ಭದ ಹೊರತು. ಹುಡುಗ ಉಳಿಯಬೇಕೇ ಹೋಗಬೇಕೇ ಎಂದು ಅಭಿಪ್ರಾಯ ಕೊಡುವವನ ಕಿವಿಗೆ ಅವನ ಒಳಗುಟ್ಟು ಬೀಳಬಾರದು ಎಂಬ ಎಚ್ಚರ ಅದು. ಆಸ್ತಿಯ ವಿಷಯದಲ್ಲೂ ಅವಸರವಿಲ್ಲ. ಮೊದಲ ವ್ರತಕ್ಕೆ ಮುನ್ನ ಆಸ್ತಿಯ ಉಸ್ತುವಾರಿಯನ್ನು ತನಗೆ ಬೇಕಾದವರಿಗೆ ವಹಿಸಬೇಕು, ಅಷ್ಟೇ.

ಎರಡು ವರ್ಷದ ಕೊನೆಗೆ ಬಡತನ, ಬ್ರಹ್ಮಚರ್ಯ, ವಿಧೇಯತೆಯ ವ್ರತ. ಮುಂದೆ ಓದು, ಶಾಲೆಯಲ್ಲೋ ಬೇರೆಡೆಯೋ ದುಡಿತ, ದೇವಶಾಸ್ತ್ರ. ಯೇಸುಸಭೆಯಲ್ಲಿ ಪಾದ್ರಿಯಾಗಲು ಹತ್ತಕ್ಕೂ ಮಿಕ್ಕಿ ವರ್ಷ ಬೇಕು.

ಅಲೋಶಿಯಸ್‌ನ ಕಾಲಕ್ಕೂ ನಮ್ಮ ಕಾಲಕ್ಕೂ ಒಂದು ವ್ಯತ್ಯಾಸವಿದೆ. ಸಂಸ್ಥಾನದ ವಾರಸುದಾರನಾಗಿದ್ದ ಅಲೋಶಿಯಸ್ ಆ ಹಕ್ಕನ್ನು ತಮ್ಮನಿಗೆ ಬಿಟ್ಟುಕೊಟ್ಟು ಹೊರಡಲು ಬಯಸಿದಾಗ ಅವನ ಅಪ್ಪ ತಡೆದಿದ್ದು ಹೋಗುವುದನ್ನು. ನಮ್ಮ ಕರಾವಳಿಯ ಕಥೊಲಿಕ ಕುಟುಂಬಗಳಲ್ಲಿ ಹುಡುಗ ಹೊರಡುವಾಗ ಊರೆಲ್ಲ ಹೆಮ್ಮೆ. ಕಷ್ಟವಾಗುವುದು ಅವನು ಮರಳಿ ಬಂದಾಗ. ಇಗರ್ಜಿಯ ಅಂಗಳದಲ್ಲಿ, ಮದುವೆ ಮನೆಯಲ್ಲಿ "ಅರ್ಧಕ್ಕೆ ಬಿಟ್ಟು ಬಂದ" ಎಂಬ ಪಿಸುಮಾತು ಅವನ ಬೆನ್ನು ಬಿಡುವುದಿಲ್ಲ. ಕಾನ್ವೆಂಟಿನಿಂದ ಮರಳಿದ ಹುಡುಗಿಗಂತೂ ಆ ಮಾತು ಇನ್ನೂ ಹರಿತ. ಚರ್ಚ್ ತೆರೆದಿಟ್ಟ ಬಾಗಿಲನ್ನು ಊರು ಮುಚ್ಚುತ್ತದೆ. ನಾಚಿಕೆಗೆ ಹೆದರಿ ಒಳಗೇ ಉಳಿದವನ ವ್ರತ ಅವನಿಗೂ ಹೊರೆ, ಮುಂದೆ ಅವನ ಕೈಕೆಳಗೆ ಬರುವ ಜನರಿಗೂ ಹೊರೆ.

ನೊವಿಷಿಯೇಟ್ ಇರುವುದೇ ಪರೀಕ್ಷೆಗೆ. "ಇದು ನನ್ನ ದಾರಿಯಲ್ಲ" ಎಂದು ಪ್ರಾಮಾಣಿಕವಾಗಿ ಕಂಡುಕೊಂಡವನೂ ಆ ಪರೀಕ್ಷೆಯಲ್ಲಿ ಪಾಸಾದವನೇ. ಅಂಥವರು ನಿಮ್ಮೂರಿಗೆ ಮರಳಿದರೆ, ಅವರ ಓದು, ಕೆಲಸ, ಮದುವೆಯ ಮಾತು ಬಂದಾಗ ಆ ಎರಡು ವರ್ಷವನ್ನು ಕಳಂಕವೆಂದು ಎಣಿಸಬೇಡಿ.