ಕಪ್ಪತಗುಡ್ಡದ ಕಲ್ಲು, ಮಾಗಡಿ ಕೆರೆಯ ಬಾತು: ಆರರ ನಂತರದ ಮಾಂಟೆಸ್ಸರಿ

ಮಾಂಟೆಸ್ಸರಿ ಎಂದೊಡನೆ ಗದಗ-ಬೆಟಗೇರಿಯ ಪಾಲಕರ ಕಣ್ಣೆದುರು ಬರುವುದು ಮೂರು ವರ್ಷದ ಮಗು, ಗುಲಾಬಿ ಬಣ್ಣದ ಮರದ ಗೋಪುರ ಮತ್ತು ಉಪ್ಪುಕಾಗದದಲ್ಲಿ ಕತ್ತರಿಸಿದ ಅಕ್ಷರಗಳು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಿಯೂ ರಾಜ್ಯದ ಉಳಿದ ಊರುಗಳಲ್ಲಿರುವಂತೆ ಈ ಹೆಸರು ಬಹುಮಟ್ಟಿಗೆ ಶಿಶುವಿಹಾರದ ಫಲಕಕ್ಕೆ ಸೀಮಿತವಾಗಿದೆ. ರಾಜ್ಯ ಸರ್ಕಾರವು 2024ರಲ್ಲಿ ಆಯ್ದ ಅಂಗನವಾಡಿಗಳನ್ನು 'ಸರ್ಕಾರಿ ಮಾಂಟೆಸ್ಸರಿ' ಹೆಸರಿನಲ್ಲಿ ಮೇಲ್ದರ್ಜೆಗೇರಿಸಲು ಮುಂದಾದಾಗಲೂ ಉದ್ದೇಶಿಸಿದ್ದು ಆರು ವರ್ಷದೊಳಗಿನ ಮಕ್ಕಳನ್ನೇ. ಆರು ತುಂಬಿದ ಮಗು ಒಂದನೇ ತರಗತಿಯ ಬೆಂಚಿಗೆ ಹೋದರೆ ಮಾಂಟೆಸ್ಸರಿ ಮುಗಿಯಿತೆಂಬುದು ಸಾರ್ವತ್ರಿಕ ನಂಬಿಕೆ.

ವಾಸ್ತವದಲ್ಲಿ ಆರರಿಂದ ಹನ್ನೆರಡು ವರ್ಷದ ಮಕ್ಕಳಿಗಾಗಿ ಈ ಪದ್ಧತಿಯಲ್ಲಿ ಪ್ರತ್ಯೇಕ ವ್ಯವಸ್ಥೆಯೇ ಇದೆ. ಅದು ರೂಪುಗೊಂಡದ್ದು ಇಟಲಿಯಲ್ಲಲ್ಲ, ಹೆಚ್ಚಿನ ಮಟ್ಟಿಗೆ ದಕ್ಷಿಣ ಭಾರತದಲ್ಲಿ ಎಂಬುದು ಅಷ್ಟಾಗಿ ಪ್ರಚಾರಕ್ಕೆ ಬಾರದ ಸಂಗತಿ. ಮಾರಿಯಾ ಮಾಂಟೆಸ್ಸರಿ ತಮ್ಮ ಮಗ ಮಾರಿಯೋ ಜತೆ 1939ರ ನವೆಂಬರ್‌ನಲ್ಲಿ ಮದ್ರಾಸಿನ ಅಡ್ಯಾರಿಗೆ ಬಂದರು. 1940ರ ಜೂನ್‌ನಲ್ಲಿ ಇಟಲಿ ಯುದ್ಧಕ್ಕಿಳಿದ ಕೂಡಲೇ ಬ್ರಿಟಿಷ್ ಸರ್ಕಾರದ ಕಣ್ಣಿಗೆ ಇವರು ಶತ್ರುದೇಶದ ಪ್ರಜೆಗಳಾದರು. ಮಾರಿಯೋ ಕೆಲಕಾಲ ಬಂಧನದಲ್ಲಿದ್ದರು. ತಾಯಿಯ ಓಡಾಟಕ್ಕೂ ನಿರ್ಬಂಧ ಬಿತ್ತು. ಮುಂದೆ ಕೊಡೈಕನಾಲಿನ ಬೆಟ್ಟದಲ್ಲಿ ವಾಸಿಸಿದ ಅವಧಿಯಲ್ಲಿ ಬೇರೆ ಬೇರೆ ವಯಸ್ಸಿನ ಮಕ್ಕಳೊಡನೆ ಗಿಡ, ಕೀಟ, ಕಲ್ಲು, ನೀರುಗಳ ನಡುವೆ ನಡೆಸಿದ ಕೆಲಸದಿಂದ 'ವಿಶ್ವಶಿಕ್ಷಣ' ಎಂದು ಕರೆಯಬಹುದಾದ ಯೋಜನೆ ಬೆಳೆಯಿತು. 1946ರಲ್ಲಿ ಅವರು ಯುರೋಪಿಗೆ ಮರಳಿದರು.

ಈ ಯೋಜನೆಯ ಬೆನ್ನೆಲುಬು ಐದು ಮಹಾಕಥೆಗಳು. ವಿಶ್ವ ಮತ್ತು ಭೂಮಿ ಹುಟ್ಟಿದ ಕಥೆ, ಜೀವ ಬಂದ ಕಥೆ, ಮನುಷ್ಯ ಬಂದ ಕಥೆ, ಬರಹದ ಕಥೆ, ಅಂಕಿಗಳ ಕಥೆ. ಆರನೇ ವಯಸ್ಸಿನಲ್ಲಿ ಮೊದಲು ಕೇಳಿದ ಕಥೆಗಳನ್ನು ಮಗು ಮತ್ತೆ ಮತ್ತೆ ಕೇಳುತ್ತದೆ. ಒಂಬತ್ತರಿಂದ ಹನ್ನೆರಡರ ಹಂತಕ್ಕೆ ಬಂದಾಗ ಕಥೆ ಅದೇ ಆಗಿದ್ದರೂ ಪ್ರಶ್ನೆ ಬದಲಾಗಿರುತ್ತದೆ. 'ಇದೇನು' ಎಂಬುದು ಹೋಗಿ 'ಇದು ಹೀಗೇಕೆ, ನಿಮಗೆ ಹೇಗೆ ಗೊತ್ತು' ಎಂಬುದು ಬರುತ್ತದೆ. ಇಲ್ಲಿ ವಿಜ್ಞಾನ, ಭೂಗೋಳ, ಇತಿಹಾಸಗಳು ಮೂರು ಪ್ರತ್ಯೇಕ ಪುಸ್ತಕಗಳಲ್ಲ, ಒಂದೇ ಕಥೆಯ ಅಧ್ಯಾಯಗಳು.

ರಾಜ್ಯದ ಪಠ್ಯಕ್ರಮದೊಂದಿಗೆ ಹೋಲಿಸಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಐದನೇ ತರಗತಿಯವರೆಗೆ 'ಪರಿಸರ ಅಧ್ಯಯನ' ಎಂದು ಒಂದಾಗಿರುವ ವಿಷಯ ಆರನೇ ತರಗತಿಯಲ್ಲಿ ವಿಜ್ಞಾನ ಮತ್ತು ಸಮಾಜ ವಿಜ್ಞಾನ ಎಂದು ಸೀಳಿಕೊಳ್ಳುತ್ತದೆ. ಸಂಬಂಧಗಳನ್ನು ಹುಡುಕುವ ಬುದ್ಧಿ ಚುರುಕಾಗುವ ವಯಸ್ಸಿನಲ್ಲಿಯೇ ಸಂಬಂಧ ಕಡಿದುಹೋಗುವುದು ಸಣ್ಣ ನಷ್ಟವೇನಲ್ಲ.

ಐದೂವರೆ ಸೀರೆಯಷ್ಟು ಕಾಲ

ಕಾಲದ ಅಳತೆಯನ್ನು ಮಗುವಿಗೆ ಮನಗಾಣಿಸುವುದು ಇತಿಹಾಸ ಬೋಧನೆಯ ಅತಿ ಕಠಿಣ ಭಾಗ. ಮಾಂಟೆಸ್ಸರಿ ಶಾಲೆಗಳಲ್ಲಿ ಇದಕ್ಕೆ ಉದ್ದನೆಯ ಕಪ್ಪು ಬಟ್ಟೆಯ ಪಟ್ಟಿಯನ್ನು ಬಳಸುತ್ತಾರೆ. ಇಡೀ ಪಟ್ಟಿ ಭೂಮಿಯ ವಯಸ್ಸು. ಕೊನೆಯ ಒಂದು ಗೆರೆಯಷ್ಟು ಜಾಗ ಮಾತ್ರ ಮನುಷ್ಯನದು.

ನೇಕಾರರ ಊರಾದ ಬೆಟಗೇರಿಯಲ್ಲಿ ಇಂಥ ಪಟ್ಟಿಗೆ ಕೊರತೆಯಿಲ್ಲ. ಭೂಮಿಯ ವಯಸ್ಸು ಸುಮಾರು 460 ಕೋಟಿ ವರ್ಷ. ಹತ್ತು ಕೋಟಿ ವರ್ಷಕ್ಕೆ ಒಂದು ಮೀಟರ್ ಎಂದು ಹಿಡಿದರೆ 46 ಮೀಟರ್ ಬಟ್ಟೆ ಬೇಕು. ಒಂಬತ್ತು ಗಜದ ಸೀರೆಗಳಾದರೆ ಹೆಚ್ಚುಕಡಿಮೆ ಐದೂವರೆ. ಇದನ್ನು ಶಾಲೆಯ ಅಂಗಳದಲ್ಲಿ ಹಾಸಿ ಮಕ್ಕಳನ್ನು ನಡೆಸಿದರೆ ಲೆಕ್ಕ ತಾನಾಗಿಯೇ ಹೊರಬರುತ್ತದೆ. ಕಪ್ಪತಗುಡ್ಡದ ಶಿಲೆಗಳು 250 ಕೋಟಿ ವರ್ಷಗಳಿಗೂ ಹಳೆಯವು. ಅಂದರೆ ಇಂದಿನ ತುದಿಯಿಂದ 25 ಮೀಟರಿಗೂ ಹಿಂದೆ ಗುರುತು ಹಾಕಬೇಕು. ಡೈನೋಸಾರ್‌ಗಳು ಅಳಿದದ್ದು ತುದಿಯಿಂದ 66 ಸೆಂಟಿಮೀಟರ್ ದೂರದಲ್ಲಿ. ಇಂದಿನ ಮಾನವ ಜಾತಿಗೆ ಸಿಗುವುದು ಮೂರು ಮಿಲಿಮೀಟರ್. ಕ್ರಿ.ಶ. 1007ರಲ್ಲಿ ಅತ್ತಿಮಬ್ಬೆ ಲಕ್ಕುಂಡಿಯಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯದಿಂದ ಇಂದಿನವರೆಗಿನ ಕಾಲ ಒಂದು ಮಿಲಿಮೀಟರಿನ ನೂರನೇ ಒಂದು ಭಾಗ. ಮಗ್ಗದ ನೂಲಿನ ಎಳೆಗಿಂತಲೂ ತೆಳುವು. 'ಬಹಳ ಹಳೆಯ ಗುಡಿ' ಎಂಬ ಮಾತಿನ ಅರ್ಥ ಆ ಮಗುವಿಗೆ ಮುಂದೆಂದೂ ಮೊದಲಿನಂತಿರುವುದಿಲ್ಲ. ಇದಕ್ಕೆ ಪುಸ್ತಕವೂ ಬೇಡ, ಗಣಕಯಂತ್ರವೂ ಬೇಡ.

ಎರೆ, ಮಸಾರಿ ಮತ್ತು ನೀರು

ಭೂಗೋಳವನ್ನು ನಕಾಶೆಯಿಂದಲ್ಲ, ಪ್ರಯೋಗದಿಂದ ಆರಂಭಿಸುವುದು ಈ ಪದ್ಧತಿಯ ಕ್ರಮ. ಸೂರ್ಯನ ಶಾಖ, ಗಾಳಿಯ ಕೆಲಸ, ನೀರಿನ ಕೆಲಸ ಎಂದು ಸರಣಿ ಸಾಗುತ್ತದೆ. ಗದಗ ಜಿಲ್ಲೆಯಲ್ಲಿ ಇದಕ್ಕೆ ಬೇಕಾದ ಸಾಮಗ್ರಿ ಕಾಲಡಿಯಲ್ಲೇ ಇದೆ. ಗದಗ ಸುತ್ತಲಿನ ಎರೆಮಣ್ಣು ಒಂದು ಡಬ್ಬಿಯಲ್ಲಿ, ಶಿರಹಟ್ಟಿ-ಮುಂಡರಗಿ ಕಡೆಯ ಮಸಾರಿ ಇನ್ನೊಂದರಲ್ಲಿ. ಎರಡರ ತಳಕ್ಕೂ ತೂತು. ಸಮನಾಗಿ ನೀರು ಸುರಿದರೆ ಮಸಾರಿಯಿಂದ ಬೇಗನೆ ಹನಿ ಬೀಳುತ್ತದೆ. ಎರೆಮಣ್ಣು ನೀರನ್ನು ಹಿಡಿದು ಉಬ್ಬುತ್ತದೆ, ಬಿಸಿಲಿಗಿಟ್ಟರೆ ಬಿರುಕು ಬಿಡುತ್ತದೆ. ನೀರು ಕುಡಿದಾಗ ಹಿಗ್ಗುವ, ಒಣಗಿದಾಗ ಕುಗ್ಗುವ ಸೂಕ್ಷ್ಮ ಜೇಡಿಕಣಗಳು ಇದಕ್ಕೆ ಕಾರಣ.

ಇಲ್ಲಿಂದ ಪ್ರಶ್ನೆಗಳು ಬೆಳೆಯುತ್ತವೆ. ಮಳೆ ನಿಂತ ಮೇಲೂ ಎರೆ ಹೊಲದಲ್ಲಿ ಹಿಂಗಾರಿನ ಕಡಲೆ, ಬಿಳಿಜೋಳ ಹೇಗೆ ಬೆಳೆಯುತ್ತವೆ? ಶೇಂಗಾಕ್ಕೆ ಮಸಾರಿಯೇ ಏಕೆ ಒಗ್ಗುತ್ತದೆ? ಎರೆ ನೆಲದ ಹಳೆಯ ಮನೆಗಳ ಗೋಡೆ ಏಕೆ ಸೀಳುತ್ತದೆ? ಒಂದು ಡಬ್ಬಿ ಮಣ್ಣಿನಿಂದ ಕೃಷಿ, ವಾಸ್ತು, ಮಾರುಕಟ್ಟೆ ಎಲ್ಲಕ್ಕೂ ದಾರಿ ತೆರೆದುಕೊಳ್ಳುತ್ತದೆ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸಿನ ಮಳೆಯ ಈ ಸೀಮೆಯಲ್ಲಿ ಮುಂಡರಗಿಯ ಅಂಚಿನಲ್ಲಿ ಹರಿಯುವ ತುಂಗಭದ್ರೆ ಎಲ್ಲಿಯ ಮಳೆಯನ್ನು ಹೊತ್ತು ತರುತ್ತಾಳೆ ಎಂಬುದನ್ನು ಮಕ್ಕಳು ಆಗ ತಾವೇ ಹುಡುಕುತ್ತಾರೆ.

ಜೀವವಿಜ್ಞಾನಕ್ಕೆ ಮಾಗಡಿ ಕೆರೆಯಿದೆ. ಶಿರಹಟ್ಟಿ ಸಮೀಪದ ಈ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆಯ ಬಾತುಗಳು ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುತ್ತವೆ. 2024ರ ಜನವರಿಯಲ್ಲಿ ಕೆರೆಗೆ ರಾಮ್ಸಾರ್ ಮಾನ್ಯತೆ ದೊರೆಯಿತು. ಆಮ್ಲಜನಕ ವಿರಳವಾದ ಎತ್ತರದಲ್ಲಿ ಹಕ್ಕಿ ಹೇಗೆ ಹಾರುತ್ತದೆ ಎಂಬ ಪ್ರಶ್ನೆ ನೇರವಾಗಿ ರಕ್ತದ ಪಾಠಕ್ಕೆ ಒಯ್ಯುತ್ತದೆ: ಇವುಗಳ ಹಿಮೋಗ್ಲೋಬಿನ್‌ಗೆ ಆಮ್ಲಜನಕವನ್ನು ಸೆಳೆದುಕೊಳ್ಳುವ ಶಕ್ತಿ ಬಯಲುಸೀಮೆಯ ಬಾತುಗಳದ್ದಕ್ಕಿಂತ ಹೆಚ್ಚು. ಹಗಲು ನೀರಿನಲ್ಲಿರುವ ಹಕ್ಕಿ ರಾತ್ರಿ ಮೇಯುವುದು ರೈತರ ಹೊಲದಲ್ಲಿ. ಹಾಗಾದರೆ ಈ ಅತಿಥಿಗಳ ಊಟದ ಖರ್ಚು ಯಾರದು? ಹತ್ತು ವರ್ಷದವರು ಕೇಳಬಹುದಾದ, ಕೇಳಲೇಬೇಕಾದ ಪ್ರಶ್ನೆ ಇದು.

ಇತಿಹಾಸಕ್ಕೆ ಈ ಹಂತದಲ್ಲಿ ಬಳಸುವ ಮುಖ್ಯ ಸಾಧನ ಮನುಷ್ಯನ ಮೂಲ ಅಗತ್ಯಗಳ ಪಟ. ಅನ್ನ, ಬಟ್ಟೆ, ವಸತಿ, ರಕ್ಷಣೆ, ಸಂಚಾರ ಒಂದೆಡೆ. ಕಲೆ, ಅಲಂಕಾರ, ಶ್ರದ್ಧೆ ಇನ್ನೊಂದೆಡೆ. ಯಾವ ಕಾಲದ ಜನರನ್ನಾದರೂ ಇದೇ ಪ್ರಶ್ನೆಗಳಿಂದ ವಿಚಾರಿಸಬಹುದು. ರಾಜರ ಹೆಸರು, ಇಸವಿಗಳು ನಂತರ ಬರುತ್ತವೆ. ಬೆಟಗೇರಿಯ ವೀರಗಲ್ಲುಗಳ ಮುಂದೆ ನಿಂತ ಮಗು 'ಇವನು ಯಾರಿಗಾಗಿ, ಯಾವುದಕ್ಕಾಗಿ ಸತ್ತ' ಎಂದು ಕೇಳಿದರೆ, ದನಕರುಗಳಿಗಾಗಿ ಕಾಳಗ ನಡೆಯುತ್ತಿದ್ದ ಸಮಾಜದ ಸಂಪತ್ತು ಏನಾಗಿತ್ತೆಂಬುದು ತಿಳಿಯುತ್ತದೆ. ಮುಂಡರಗಿ ತಾಲ್ಲೂಕಿನ ಡಂಬಳದಲ್ಲಿ 11ನೇ ಶತಮಾನದ ಕೊನೆಯಲ್ಲಿ ಬೌದ್ಧರ ತಾರಾದೇವಿಗೆ ದತ್ತಿ ಕೊಟ್ಟ ಶಾಸನವಿದೆ. ಅದೇ ಊರಿನಲ್ಲಿ ನಕ್ಷತ್ರಾಕಾರದ ದೊಡ್ಡಬಸಪ್ಪ ಗುಡಿ. ಶಿರಹಟ್ಟಿಯ ಫಕೀರೇಶ್ವರ ಮಠದಲ್ಲಿ ಹಿಂದೂ-ಮುಸ್ಲಿಂ ಸಂಪ್ರದಾಯಗಳು ಬೆರೆತಿವೆ. ಶ್ರದ್ಧೆಯ ಕಂಬ ತುಂಬಿಸಲು ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ.

ಬರಹದ ಮಹಾಕಥೆಗೆ ಲಕ್ಷ್ಮೇಶ್ವರವೇ ಸಾಕು. ಅದರ ಹಳೆಯ ಹೆಸರು ಪುಲಿಗೆರೆ. 9ನೇ ಶತಮಾನದ 'ಕವಿರಾಜಮಾರ್ಗ' ಅಚ್ಚಕನ್ನಡದ ನಾಡಿನ ನಾಲ್ಕು ಊರುಗಳಲ್ಲಿ ಅದನ್ನೂ ಎಣಿಸುತ್ತದೆ. ಶಾಸನದ ಅಕ್ಷರಕ್ಕೂ ತಮ್ಮ ನೋಟುಬುಕ್ಕಿನ ಅಕ್ಷರಕ್ಕೂ ಇರುವ ಅಂತರವನ್ನು ಮಕ್ಕಳು ಬರೆದು ನೋಡಬಹುದು.

ಇಂಥ ಸ್ಥಳಗಳಿಗೆ ಹೋಗುವುದನ್ನು ಮಾಂಟೆಸ್ಸರಿ ಪದ್ಧತಿಯಲ್ಲಿ ಶಾಲಾ ಪ್ರವಾಸ ಎನ್ನುವುದಿಲ್ಲ. ಎರಡು ಬಸ್ಸು ತುಂಬ ಮಕ್ಕಳನ್ನು ಒಯ್ದು ಸಂಜೆ ಮರಳಿಸುವ ವ್ಯವಹಾರ ಇದಲ್ಲ. ಮೂರು-ನಾಲ್ಕು ಮಕ್ಕಳ ಗುಂಪು ತಮ್ಮ ಪ್ರಶ್ನೆಯನ್ನು ಹಿಡಿದು, ಬಸ್ಸಿನ ವೇಳೆ ವಿಚಾರಿಸಿ, ಅನುಮತಿ ಕೇಳುವ ಪತ್ರ ಬರೆದು, ಖರ್ಚಿನ ಲೆಕ್ಕ ಹಾಕಿ, ಹಿರಿಯರೊಬ್ಬರ ಜತೆ ಹೋಗುತ್ತದೆ. ಹಿರಿಯರ ಕೆಲಸ ಸುರಕ್ಷತೆ, ಮಾರ್ಗದರ್ಶನವಲ್ಲ.

ಟೀಕೆ ಮತ್ತು ತೊಡಕು

ಪದ್ಧತಿಯಲ್ಲಿರುವುದೆಲ್ಲವನ್ನೂ ಕಣ್ಣುಮುಚ್ಚಿ ಒಪ್ಪಬೇಕಾಗಿಲ್ಲ. ಪ್ರತಿ ಜೀವಿಗೂ ವಿಶ್ವದಲ್ಲಿ ಒಂದು ನಿಯೋಜಿತ ಕರ್ತವ್ಯವಿದೆ ಎಂಬ ಮಾಂಟೆಸ್ಸರಿಯವರ ವಾದ ಕಥೆಗೆ ಸೊಗಸು ತರುತ್ತದೆ. ವಿಕಾಸವಾದ ಹಾಗೆ ಹೇಳುವುದಿಲ್ಲ. ಮೊದಲ ಮಹಾಕಥೆಯ ಮೂಲರೂಪದಲ್ಲಿ ದೇವರೂ ಬರುತ್ತಾನೆ. ದಶಕಗಳ ಹಿಂದೆ ರಚಿಸಿದ ಜೀವವಿಕಾಸದ ಪಟಗಳನ್ನು ಹೊಸ ಸಂಶೋಧನೆಗಳಿಗೆ ತಕ್ಕಂತೆ ತಿದ್ದದೆ ಗೋಡೆಗೆ ತೂಗಿದರೆ ವಿಜ್ಞಾನದ ಹೆಸರಿನಲ್ಲಿ ಹಳೆಯ ಮಾಹಿತಿ ಕಲಿಸಿದಂತಾಗುತ್ತದೆ.

ಕಾನೂನಿನ ದೃಷ್ಟಿಯಿಂದ ಬಾಗಿಲು ಮುಚ್ಚಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಕಲಮು ಪಠ್ಯಕ್ರಮ ನಿಗದಿಯ ಅಧಿಕಾರವನ್ನು ಸರ್ಕಾರ ಗೊತ್ತುಪಡಿಸಿದ ಪ್ರಾಧಿಕಾರಕ್ಕೆ ಕೊಟ್ಟಿದ್ದರೂ, ಚಟುವಟಿಕೆ ಮತ್ತು ಅನ್ವೇಷಣೆಯ ಮೂಲಕವೇ ಕಲಿಕೆ ನಡೆಯಬೇಕೆಂದೂ ಹೇಳಿದೆ. ಇನ್ನೊಂದೆಡೆ ಪರೀಕ್ಷೆಯ ಒತ್ತಡವಿದೆ. ಐದು ಮತ್ತು ಎಂಟನೇ ತರಗತಿಗಳಿಗೆ ರಾಜ್ಯ ಮಟ್ಟದ ಪರೀಕ್ಷೆ ನಡೆಸುವ ಪ್ರಯತ್ನ ನ್ಯಾಯಾಲಯದ ಮೆಟ್ಟಿಲೇರಿ, 2024ರ ಏಪ್ರಿಲ್‌ನಲ್ಲಿ ಫಲಿತಾಂಶ ಪ್ರಕಟಣೆಗೆ ಸುಪ್ರೀಂ ಕೋರ್ಟ್ ತಡೆ ನೀಡಿತು. ಮೂರು ವರ್ಷಗಳ ಅವಧಿಯಲ್ಲಿ, ಮಿಶ್ರ ವಯಸ್ಸಿನ ಒಂದೇ ಕೋಣೆಯಲ್ಲಿ, ತನ್ನದೇ ಓಟದಲ್ಲಿ ಕಲಿಯುವ ಮಗುವನ್ನು ಐದನೇ ತರಗತಿಯ ಕೊನೆಗೆ ಒಂದೇ ಪ್ರಶ್ನೆಪತ್ರಿಕೆಯಿಂದ ಅಳೆಯುವುದು ಹೇಗೆಂಬ ಪ್ರಶ್ನೆಗೆ ಪಾಲಕರಿಗೆ ಇಂದಿಗೂ ಸಮಾಧಾನಕರ ಉತ್ತರವಿಲ್ಲ.

ವೆಚ್ಚ ದೊಡ್ಡ ಅಡ್ಡಿ ಎನ್ನಲಾಗುತ್ತದೆ. ಅದು ಅರ್ಧ ಸತ್ಯ. ತಾರಾಬಾಯಿ ಮೋಡಕ್ 1945ರಲ್ಲಿ ಬೋರ್ಡಿಯಲ್ಲಿ, ಮುಂದೆ ಕೋಸಬಾಡದಲ್ಲಿ ಬುಡಕಟ್ಟು ಮಕ್ಕಳಿಗಾಗಿ ಸ್ಥಳೀಯ, ಅಗ್ಗದ ಸಾಮಗ್ರಿಯಿಂದಲೇ ಮಾಂಟೆಸ್ಸರಿ ತತ್ವಗಳನ್ನು ಜಾರಿಗೆ ತಂದಿದ್ದರು. ಮೇಲಿನ ಹಂತದಲ್ಲಿ ಸಾಮಗ್ರಿಗಿಂತ ಹೆಚ್ಚಾಗಿ ಬೇಕಾಗುವುದು ಕಲ್ಲು, ಹಕ್ಕಿ, ಶಾಸನ ಮೂರರ ಬಗೆಗೂ ಒಂದಿಷ್ಟು ಬಲ್ಲ ಶಿಕ್ಷಕರು ಮತ್ತು ಕನ್ನಡದಲ್ಲಿ ಬರೆದ ಮಾಹಿತಿ ಚೀಟಿಗಳು. ಮುದ್ರಣಕ್ಕೆ ಹೆಸರಾದ ಗದಗಿನಲ್ಲಿ ಚೀಟಿ ಅಚ್ಚಾಗುವುದು ಕಷ್ಟವಲ್ಲ. ಅವನ್ನು ಬರೆಯುವವರು ಮೊದಲು ಸಿಗಬೇಕು.

ಕಪ್ಪತಗುಡ್ಡದ ಬಗ್ಗೆ ಅಂಥದೊಂದು ಚೀಟಿಯ ಕಟ್ಟು ಸಿದ್ಧವಾದರೆ ಅದರಲ್ಲಿ ಪ್ರಾಚೀನ ಶಿಲೆ, ಔಷಧೀಯ ಸಸ್ಯ, ಚಿನ್ನಕ್ಕಾಗಿ ಬ್ರಿಟಿಷ್ ಕಾಲದಲ್ಲಿ ತೋಡಿದ ಗಣಿ, 2011ರಲ್ಲಿ ಹಳ್ಳಿಗುಡಿಯ ಉಕ್ಕು ಕಾರ್ಖಾನೆ ಯೋಜನೆಯ ವಿರುದ್ಧ ನಡೆದ ರೈತ ಹೋರಾಟ, 2019ರಲ್ಲಿ ಸುಮಾರು 244 ಚದರ ಕಿಲೋಮೀಟರ್ ಪ್ರದೇಶ ವನ್ಯಜೀವಿ ಧಾಮವಾದದ್ದು ಎಲ್ಲವೂ ಸೇರಬೇಕಾಗುತ್ತದೆ. ಅದನ್ನು ವಿಜ್ಞಾನದ ಕಪಾಟಿನಲ್ಲಿಡಬೇಕೋ ಇತಿಹಾಸದ ಕಪಾಟಿನಲ್ಲಿಡಬೇಕೋ ಎಂಬುದನ್ನು ಮಕ್ಕಳೇ ಚರ್ಚಿಸಲಿ ಎಂದು ಬಿಡುವುದು ಈ ತರಗತಿಗಳ ವಾಡಿಕೆ.